ಹಸಿರು ಶಾಯಿಯ ಕ್ಯಾಲೆಂಡರ್

ಪಕ್ಕದ ಮನೆಯ ಅಜ್ಜಿ ಕಳೆದ ವಾರ ತೀರಿಕೊಂಡರು. 91 ವರ್ಷ. ಐದು ಮಕ್ಕಳು, ಹದಿನಾಲ್ಕು ಮೊಮ್ಮಕ್ಕಳು. ಎಲ್ಲರ ಹುಟ್ಟುಹಬ್ಬವನ್ನೂ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಸಿರು ಶಾಯಿಯಲ್ಲಿ ಬರೆದಿಡುತ್ತಿದ್ದರು. ನಾವು ಷಿಕಾಗೊಗೆ ಬಂದ ಮೊದಲ ಚಳಿಗಾಲದಲ್ಲಿ ಬಾಗಿಲು ತಟ್ಟಿ ಬಿಸಿ ಸೋಡಾ ಬ್ರೆಡ್ ಕೊಟ್ಟವರು ಅವರು. ಅದಕ್ಕೆ ಯೀಸ್ಟ್ ಬೇಡ; ಮಜ್ಜಿಗೆಯೂ ಅಡುಗೆ ಸೋಡಾವೂ ಸೇರಿ ಹಿಟ್ಟನ್ನು ಉಬ್ಬಿಸುತ್ತವೆ. ಮಜ್ಜಿಗೆ ಎಂದ ಕೂಡಲೇ ಅವರು ನಮ್ಮವರೇ ಅನ್ನಿಸಿಬಿಟ್ಟರು.

ಅವರ ಮುತ್ತಜ್ಜ 1845ರಲ್ಲಿ ಶುರುವಾದ ಆಲೂಗಡ್ಡೆ ಕ್ಷಾಮದ ಕಾಲದಲ್ಲಿ, ಎಳೆಯ ಹುಡುಗನಾಗಿ, ಐರ್ಲೆಂಡಿನ ಕಾರ್ಕ್‌ನಿಂದ ಹಡಗು ಹತ್ತಿದವರು. ಸುಮಾರು ಹತ್ತು ಲಕ್ಷ ಜನ ಸತ್ತ ಕ್ಷಾಮ ಅದು. ತಮ್ಮ ನೆಲವನ್ನೇ ಕಳೆದುಕೊಂಡಿದ್ದ ಅಮೆರಿಕದ ಮೂಲನಿವಾಸಿಗಳಾದ ಚಾಕ್ಟಾ ಜನರು 1847ರಲ್ಲಿ ಐರಿಷರಿಗಾಗಿ ಹಣ ಕೂಡಿಸಿ ಕಳುಹಿಸಿದ್ದನ್ನು ಹೇಳುವಾಗ ಅಜ್ಜಿಯ ಧ್ವನಿ ಪ್ರತಿಸಲವೂ ನಡುಗುತ್ತಿತ್ತು. ಅದಕ್ಕೇ ಇರಬೇಕು, ನಲವತ್ತು ವರ್ಷ ಪ್ರತಿ ಶನಿವಾರ ಚರ್ಚಿನ ನೆಲಮಾಳಿಗೆಯಲ್ಲಿ ಹಸಿದವರಿಗೆ ಸೂಪ್ ಬಡಿಸಿದರು. ನಾನೂ ಆರು ವರ್ಷ ಪಕ್ಕದಲ್ಲಿ ನಿಂತು ಈರುಳ್ಳಿ ಹೆಚ್ಚಿದ್ದೇನೆ. ಬಟ್ಟಲು ಕೊಡುವ ಮೊದಲು ಅವರು ಬಂದವರ ಹೆಸರು ಕೇಳುತ್ತಿದ್ದರು, ಮುಂದಿನ ವಾರ ಆ ಹೆಸರಿನಿಂದಲೇ ಕರೆಯುತ್ತಿದ್ದರು.

ನಿನ್ನೆ ಅವರ ಮಗಳು ಆ ಕ್ಯಾಲೆಂಡರನ್ನು ತಂದು ನನ್ನ ಕೈಗಿಟ್ಟರು. ಜುಲೈ 9ರ ಚೌಕದಲ್ಲಿ, ಹಸಿರು ಶಾಯಿಯಲ್ಲಿ, ನನ್ನ ಮಗನ ಹೆಸರಿದೆ.