"ಈ ಕೆಂಪು ನಾವೇನಾ?"

ಕಳೆದ ಭಾನುವಾರ ಸಂಜೆ ತುಮಕೂರಿನಿಂದ ಬೆಂಗಳೂರಿಗೆ ಹೊರಟಿದ್ದ ಕಾರಿನಲ್ಲಿ ಮಾವ ಕೇಳಿದ ಪ್ರಶ್ನೆಯೊಂದು ಈ ವಾರವಿಡೀ ನನ್ನ ತಲೆಯಲ್ಲಿ ಕುಳಿತಿದೆ. ದಾಬಸ್‌ಪೇಟೆ ದಾಟುತ್ತಿದ್ದಂತೆ ಹೆದ್ದಾರಿಯಲ್ಲಿ ವಾಹನಗಳು ನಿಂತುಬಿಟ್ಟಿದ್ದವು. ಡ್ಯಾಶ್‌ಬೋರ್ಡಿನ ಪರದೆಯ ಮೇಲೆ ನೆಲಮಂಗಲದ ಕಡೆಗೆ ಕಡುಗೆಂಪು ಗೆರೆ ಚಾಚಿಕೊಂಡಿತ್ತು. "ಇದಕ್ಕೆ ಹೆಂಗೆ ಗೊತ್ತಾಯ್ತು?" ಎಂದರು ಮಾವ. ಸ್ಟೀರಿಂಗ್ ಹಿಡಿದಿದ್ದ ಅವರ ಮಗ, "ಸ್ಯಾಟಲೈಟು ಮೇಲಿಂದ ನೋಡ್ತಿರುತ್ತಪ್ಪ" ಎಂದು ಮಾತು ಮುಗಿಸಿದ. ತಂದೆಯ ಪ್ರಶ್ನೆಗೆ ಅರ್ಧ ನಿಮಿಷ ಕೊಡಲು ತಾಳ್ಮೆಯಿಲ್ಲದ ಮಕ್ಕಳಿಗೆ ಸ್ಯಾಟಲೈಟು ಬಹಳ ಅನುಕೂಲವಾದ ಉತ್ತರ.

ನಾನು ನಡುವೆ ಬಾಯಿ ಹಾಕಿದೆ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳು ಯಾವ ರಸ್ತೆಯನ್ನೂ ನೋಡುವುದಿಲ್ಲ. ಸಮಯವನ್ನೂ ತಾವಿರುವ ಜಾಗವನ್ನೂ ಸಾರುತ್ತಿರುವುದಷ್ಟೇ ಅವುಗಳ ಕೆಲಸ. ಅದನ್ನು ಕೇಳಿಸಿಕೊಂಡು ತಾನೆಲ್ಲಿದ್ದೇನೆಂದು ಲೆಕ್ಕ ಹಾಕುವುದು ನಮ್ಮ ಜೇಬಿನ ಫೋನು. ಸ್ಥಳ ಹಂಚಿಕೆಗೆ ಒಪ್ಪಿಗೆ ಕೊಟ್ಟಿದ್ದರೆ ಅದು ಆ ವಿವರವನ್ನು ಮೊಬೈಲ್ ಜಾಲದ ಮೂಲಕ ನಕ್ಷೆಯ ಕಂಪನಿಗೆ ಕಳುಹಿಸುತ್ತದೆ, ಮತ್ತು ಒಂದೇ ರಸ್ತೆಯಲ್ಲಿ ಹಲವಾರು ಫೋನುಗಳು ತೆವಳುತ್ತಿದ್ದರೆ ಅಲ್ಲಿಯ ಗೆರೆ ಕೆಂಪಾಗುತ್ತದೆ. ಇಷ್ಟನ್ನೂ ಕೇಳಿದ ಮಾವ ಅಕ್ಕಪಕ್ಕದ ಕಾರುಗಳನ್ನೊಮ್ಮೆ ನೋಡಿ, "ಅಂಗಾದ್ರೆ ಈ ಕೆಂಪು ನಾವೇನಾ?" ಎಂದರು.

ಮಾವ ಸರ್ಕಾರಿ ಬಸ್ಸಿನ ಚಾಲಕರಾಗಿ ನಿವೃತ್ತರಾದವರು. ಅವರ ಕಾಲದಲ್ಲಿ ಮುಂದಿನ ರಸ್ತೆಯ ಸುದ್ದಿ ಎದುರಿನಿಂದ ಬರುವ ಚಾಲಕನ ಕೈಸನ್ನೆಯಲ್ಲಿ ಸಿಗುತ್ತಿತ್ತಂತೆ. ಯುರೋಪಿನಲ್ಲಿ ಎಫ್‌ಎಂ ಪ್ರಸಾರದ ಜೊತೆಗೇ ಸಂಕೇತರೂಪದ ಸಂಚಾರ ಸಂದೇಶಗಳನ್ನು ಕಳುಹಿಸಿ, ಕಾರಿನ ಯಂತ್ರ ಅವನ್ನು ನಕ್ಷೆಯ ಮೇಲೆ ತೋರಿಸುವ ವ್ಯವಸ್ಥೆ ಬಂದದ್ದೂ ಫೋನುಗಳ ಈ ಕಾಲಕ್ಕಿಂತ ಮೊದಲೇ. ಅಲ್ಲೆಲ್ಲ ಸುದ್ದಿ ಕೊಡುವವನಿಗೆ ತಾನು ಕೊಡುತ್ತಿದ್ದೇನೆಂಬುದು ತಿಳಿದಿರುತ್ತಿತ್ತು. ಈಗ ನಾವು ಬೇಸರದಿಂದ ಸುಮ್ಮನೆ ಕುಳಿತಿದ್ದರೂ ಹಿಂದೆ ಬರುವವರಿಗೆ ವರದಿ ಒಪ್ಪಿಸುತ್ತಲೇ ಇರುತ್ತೇವೆ. ಬರ್ಲಿನ್ನಿನ ಕಲಾವಿದ ಸೈಮನ್ ವೆಕರ್ಟ್ ಈ ಗುಟ್ಟನ್ನು ಸೊಗಸಾಗಿ ಹಿಡಿದುಕೊಂಡ: ಪುಟ್ಟ ಕೈಗಾಡಿಯಲ್ಲಿ 99 ಫೋನುಗಳನ್ನು ತುಂಬಿಕೊಂಡು ನಿಧಾನವಾಗಿ ಎಳೆದು ನಡೆದು, ವಾಹನಗಳೇ ಇಲ್ಲದ ಬೀದಿಯನ್ನು ಗೂಗಲ್ ನಕ್ಷೆಯಲ್ಲಿ ಕೆಂಪಾಗಿಸಿದ್ದನ್ನು 2020ರಲ್ಲಿ ಜಗತ್ತಿಗೆ ತೋರಿಸಿದ. ಭಾರತದಂಥ ದೇಶಗಳಲ್ಲಿ ಬೈಕನ್ನೂ ಕಾರನ್ನೂ ಬೇರ್ಪಡಿಸಿ ಗುರುತಿಸುತ್ತೇವೆ, ಕೈಗಾಡಿಯ ವಿದ್ಯೆ ಇನ್ನೂ ಸಿದ್ಧಿಸಿಲ್ಲ ಎಂದು ಆಗ ಕಂಪನಿ ತಮಾಷೆಯಾಗಿಯೇ ಉತ್ತರಿಸಿತ್ತು.

ನಮಗೆ ಎದುರಾದದ್ದು ಅದರ ತದ್ವಿರುದ್ಧ. ಪರದೆ ಸೂಚಿಸಿದ ಕೂಡಲೇ ಮಾವನ ಮಗ ಹಳ್ಳಿಯ ಕಿರುದಾರಿಗೆ ಕಾರು ತಿರುಗಿಸಿದ. ಹಿಂದೆಯೇ ಇನ್ನಷ್ಟು ಕಾರುಗಳು ತಿರುಗಿದವು. ಫೋನುಗಳ ಓಡಾಟ ವಿರಳವಾದ ಇಂಥ ದಾರಿಯಲ್ಲಿ ಈ ಕ್ಷಣದ ಸುದ್ದಿ ತರುವವರೇ ಇರುವುದಿಲ್ಲವಾದ್ದರಿಂದ, ಕೆಂಪು ಕಾಣದಿದ್ದ ಮಾತ್ರಕ್ಕೆ ದಾರಿ ಸಲೀಸಾಗಿದೆ ಎಂದರ್ಥವಲ್ಲ. ಅದನ್ನು ಹೇಳಬೇಕೆನ್ನುವಷ್ಟರಲ್ಲಿ ತಿರುವಿನಾಚೆ ಕುರಿಮಂದೆ. ಕುರಿಗಳ ಬಳಿ ಫೋನು ಎಲ್ಲಿಂದ ಬರಬೇಕು? ಸ್ವಲ್ಪ ಹೊತ್ತಿನಲ್ಲಿ, ನಿಂತ ಕಾರುಗಳ ದೆಸೆಯಿಂದ, ಆ ಗೆರೆಯೂ ಕೆಂಪಾಯಿತು. "ನೋಡು, ಇಲ್ಲೂ ನಾವೇ ಆದ್ವಿ" ಎಂದು ಮಾವ ನಕ್ಕರು. ಮಗ ಹಾರ್ನ್ ಒತ್ತಿದಾಗ ಮಾತ್ರ ಗದರಿದರು: "ಅವರ ದಾರೀಗೆ ಬಂದಿರೋನು ನೀನು, ಸುಮ್ನಿರ‍್ಲಾ."

ಕುರಿ ಕಾಯುವವನು ನಮ್ಮತ್ತ ತಿರುಗಿಯೂ ನೋಡಲಿಲ್ಲ. ಭಾನುವಾರದ ಕಾರುಗಳು ಅವನಿಗೆ ಹೊಸದಲ್ಲವೆಂದು ತೋರುತ್ತದೆ. ಹೆದ್ದಾರಿಯಲ್ಲಿ ನಿಂತವರ ನಿಧಾನವನ್ನು ಎಣಿಸಿ ನಮಗೆ ಹೇಳುವ ಈ ನಕ್ಷೆ, ನಮ್ಮಿಂದ ಅವನಿಗಾದ ತಡವನ್ನು ಎಣಿಸುವುದಿಲ್ಲ. ನೆಲಮಂಗಲ ಸೇರಿದ ಮೇಲೆ ಮಾವನ ಮಗ ಗಡಿಯಾರ ನೋಡಿ, ಹೇಗೂ ಸಮಯ ಉಳಿಯಿತೆಂದ. ಹೆದ್ದಾರಿಯಲ್ಲೇ ಇದ್ದಿದ್ದರೆ ಎಷ್ಟು ಹೊತ್ತಾಗುತ್ತಿತ್ತೆಂದು ಮಾವ ಕೇಳಿದ್ದಕ್ಕೆ ಅವನಲ್ಲಿ ಉತ್ತರವಿರಲಿಲ್ಲ.