ಎಕ್ಸ್ ಎಂದರೆ ಎಷ್ಟು ಕ್ಯುಸೆಕ್?

ಸಿಂಧನೂರು ಕಡೆ ಮಳೆಗಾಲದಲ್ಲಿ ಪೇಪರ್ ಬಂದರೆ ಮೊದಲು ಹುಡುಕುವುದು ತುಂಗಭದ್ರಾ ಡ್ಯಾಮಿನ ನೀರಿನ ಮಟ್ಟ. ನಿಂತ ನೀರಿನ ಲೆಕ್ಕ ಟಿಎಂಸಿಯಲ್ಲಿ, ಹರಿಯುವ ನೀರಿನದು ಕ್ಯುಸೆಕ್‌ನಲ್ಲಿ. ಎರಡನ್ನೂ ಎಲ್ಲರೂ ಬಾಯಿಪಾಠ ಹೇಳುತ್ತಾರೆ. ಒಂದರಿಂದ ಇನ್ನೊಂದಕ್ಕೆ ಹೋಗುವುದು ಹೇಗೆಂದು ಕೇಳಿದರೆ ಮಾತ್ರ ಪೇಪರ್ ಮಡಚಿ ಎದ್ದುಬಿಡುತ್ತಾರೆ.

ಮದುವೆಯ ಗಡಿಬಿಡಿಯಲ್ಲಿ ನಿಂತುಹೋದ ಹತ್ತನೇ ತರಗತಿಯನ್ನು ನಾನೀಗ ಎನ್‌ಐಒಎಸ್ ಮುಕ್ತ ಶಾಲೆಯಲ್ಲಿ ಓದುತ್ತಿದ್ದೇನೆ. 14 ವರ್ಷ ತುಂಬಿದ ಯಾರು ಬೇಕಾದರೂ ಸೇರಬಹುದು, ಮೇಲಿನ ಮಿತಿ ಇಲ್ಲ. ಪಾಠವೆಲ್ಲ ಮೊಬೈಲಿನಲ್ಲಿ. ಶಾಲೆಯಲ್ಲಿ ಬೀಜಗಣಿತ ಅಂದರೆ ‘ಆ ಕಡೆ ಹೋದರೆ ಚಿಹ್ನೆ ಬದಲಾಗುತ್ತದೆ’ ಅನ್ನುವ ಒಂದು ಕಟ್ಟಪ್ಪಣೆ. ಯಾಕೆ ಬದಲಾಗುತ್ತದೆ ಎಂದು ಕೇಳುವ ಧೈರ್ಯ ಯಾರಿಗಿತ್ತು? 3x + 7 = 22 ಅಂದರೆ ಎರಡೂ ಕಡೆಯಿಂದ 7 ತೆಗೆದದ್ದು, ಆಮೇಲೆ ಎರಡೂ ಕಡೆ 3ರಿಂದ ಭಾಗಿಸಿದ್ದು, ಪಕ್ಷಾಂತರ ಅಂದರೆ ಇಷ್ಟೇ ಎಂದು ವಿಡಿಯೋದಲ್ಲಿ ತೋರಿಸಿದಾಗ ಹಿಂದಕ್ಕೆ ತಿರುಗಿಸಿ ಮತ್ತೆ ನೋಡಿದೆ. ಎಷ್ಟು ಸಲ ಕೇಳಿದರೂ ಹುಬ್ಬು ಗಂಟಿಕ್ಕದ ಮೇಷ್ಟ್ರು ಸಿಕ್ಕಿದ್ದು ಇದೇ ಮೊದಲು. ಕರೆಂಟ್ ಹೋದರೆ ಮೇಷ್ಟ್ರೂ ಹೋಗುತ್ತಾರೆ, ಅದು ಬೇರೆ ಮಾತು.

ಅವತ್ತು ನೀರಿನ ಟ್ಯಾಂಕಿನ ಲೆಕ್ಕ ನಡೆದಿತ್ತು. ಪಡಸಾಲೆಯಲ್ಲಿ ಮಾವ ಗಟ್ಟಿಯಾಗಿ ಓದುತ್ತಿದ್ದರು, ಎಡದಂಡೆ ಕಾಲುವೆಗೆ 4,100 ಕ್ಯುಸೆಕ್. “ಯವ್ವಾ, ಹಿಂಗ ಬಿಟ್ರ ದಿನಕ್ಕ ಎಷ್ಟು ಟಿಎಂಸಿ ಖಾಲಿ ಆಗ್ತದ?”

ಟ್ಯಾಂಕಿನ ಲೆಕ್ಕ ಬಿಟ್ಟೆ. ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಒಂದೇ ದಿನದಲ್ಲಿ ಒಂದು ಟಿಎಂಸಿ ಹರಿಯಲು x ಕ್ಯುಸೆಕ್ ಬೇಕು ಅಂದುಕೊಂಡರೆ, 86,400x = 100,00,00,000. x ಸುಮಾರು 11,574. ಹಾಗಾದರೆ 4,100 ಕ್ಯುಸೆಕ್ ಅಂದರೆ ದಿನಕ್ಕೆ 0.35 ಟಿಎಂಸಿ. ಹತ್ತು ಟಿಎಂಸಿ ಇದ್ದರೆ ಈ ಕಾಲುವೆಯೊಂದಕ್ಕೇ 28 ದಿನ.

“ಇಷ್ಟ ಏನು? ಮತ್ತ ಪೇಪರಿನ್ಯಾಗ ಹಿಂಗ್ಯಾಕ ಬರಿಯಂಗಿಲ್ಲ?” ಅಂದರು ಮಾವ.

ಉಮೇದಿ ಹತ್ತಿತು. ಇವತ್ತಿನ ಸಂಗ್ರಹಕ್ಕೆ, ಒಳಹರಿವಿನಲ್ಲಿ ಹೊರಹರಿವು ಕಳೆದು 11,574ರಿಂದ ಭಾಗಿಸಿದ್ದನ್ನು ಕೂಡಿಸಿದರೆ ನಾಳಿನ ಸಂಗ್ರಹ. ಬಿಸಿಲಿಗೆ ಆರಿಹೋಗುವ ನೀರು ಇದರಲ್ಲಿಲ್ಲ, ಬೇಸಿಗೆಯಲ್ಲಿ ಅದನ್ನು ಬಿಡುವಂತಿಲ್ಲ. ಹೂಳಿಗೂ ಒಂದು ಸಮೀಕರಣ ಕಟ್ಟಲು ಹೋದೆ. ಡ್ಯಾಮಿನ ಮೂಲ ಸಾಮರ್ಥ್ಯ ಸುಮಾರು 133 ಟಿಎಂಸಿ, ಈಗಿನ ಲೆಕ್ಕದಲ್ಲಿ 105.79. ಎರಡು ಬಿಂದು ಸಿಕ್ಕರೆ ಸರಳರೇಖೆ ಎಳೆಯಬಹುದು ಎಂದು ಪಾಠದಲ್ಲಿತ್ತು. ಆದರೆ ನಡುವೆ 2008ರ ಸರ್ವೆ 100.86 ಎಂದಿತ್ತು! ಹೂಳು ತುಂಬುವ ಡ್ಯಾಮಿನ ಸಾಮರ್ಥ್ಯ ತಾನಾಗಿ ಹೆಚ್ಚುವುದುಂಟೆ? ಬದಲಾದದ್ದು ಅಳತೆ. ಆ ರೇಖೆಯನ್ನು ಅಲ್ಲಿಗೇ ಬಿಟ್ಟೆ.

ಮಾವನ ಚಿಂತೆ ಬೇರೆ. ನಮ್ಮ ಹೊಲ ಉಪಕಾಲುವೆಯ ಕೊನೆ ಭಾಗದಲ್ಲಿದೆ. ಮೇಲೆ ಎಷ್ಟು ಬಿಟ್ಟರೇನು, ಇಲ್ಲಿ ಗೇಜ್, ಅಂದರೆ ಅಳತೆ ಪಟ್ಟಿಯಲ್ಲಿ ನೀರಿನ ಮಟ್ಟ, ನಿಲ್ಲಬೇಕಲ್ಲ. “ನಮಗ ಎಷ್ಟು ಬರ್ತದ, ಅದನ್ನ ತಗಿ” ಅಂದರು.

ಈ ಸಲ ನಮಗೆ ಬರುವುದು x, ಮೇಲಿನ ಹೊಲದವರು ತಮ್ಮ ಪಾಲಿನದು ತೆಗೆದುಕೊಂಡದ್ದು y, ರಾತ್ರಿ ಪಂಪ್‌ಸೆಟ್ ಹಚ್ಚಿ ಎತ್ತಿದ್ದು z ಎಂದು ಬರೆದೆ. ಮೂರನ್ನೂ ಕೂಡಿಸಿದರೆ ಉಪಕಾಲುವೆಗೆ ಬಿಟ್ಟ ನೀರು. ಮೂರು ಚರಾಕ್ಷರ, ಕೈಯಲ್ಲಿ ಒಂದೇ ಸಮೀಕರಣ. ಬಿಡಿಸಲು ಇನ್ನೆರಡು ಬೇಕು ಎಂದೆ.

“ಅವು ಎಲ್ಲಿ ಸಿಗ್ತಾವ?”

“ಪಾಲಿನ ನೀರು ಎಷ್ಟು ಅಂತ ಗೇಜ್ ನೋಡೋ ಅವರ ಪುಸ್ತಕದಾಗ ಇರ್ತದ, ಮಾವ.”

“z ಯಾವ ಪುಸ್ತಕದಾಗೂ ಇರಂಗಿಲ್ಲ, ತಗೋ” ಎಂದು ನಗುತ್ತ ಬೈಕಿನ ಕೀಲಿ ಹುಡುಕತೊಡಗಿದರು.