ಮಳೆಗಾಲಕ್ಕೆ ಎರಡು ಕೆಜಿ ಬಾಳಕ

ತಿಂಗಳ ಕೊನೆಯ ವಾರ ನಮ್ಮ ಮನೆಯಲ್ಲಿ ತರಕಾರಿಗೆ ದುಡ್ಡು ಉಳಿಯುವುದು ಕಷ್ಟ. ಆಗ ಕೈ ಹಿಡಿಯುವುದು ಅಟ್ಟದ ಮೇಲಿನ ಬಾಳಕದ ಡಬ್ಬಿ. ಬಾಳಕ ಅಂದರೆ ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಮೆಣಸಿನಕಾಯಿ. ಬಿಸಿ ಅನ್ನ, ಮೊಸರು, ಪಕ್ಕದಲ್ಲಿ ಕರಿದ ಎರಡು ಬಾಳಕ. ಮಕ್ಕಳೂ ತಕರಾರಿಲ್ಲದೆ ಊಟ ಮಾಡುತ್ತಾರೆ.

ಈ ಸಲ ಯುಗಾದಿ ಕಳೆದ ಮೇಲೆ ಮೈಸೂರಿನ ದೇವರಾಜ ಮಾರ್ಕೆಟ್ಟಿಗೆ ಸಂಜೆ ಹೋಗಿದ್ದೆ. ಅಂಗಡಿ ಮುಚ್ಚುವ ಹೊತ್ತಿಗೆ ರೇಟು ಇಳಿಯುತ್ತದೆ, ಅಲ್ವಾ? ಎರಡು ಕೆಜಿ ದಪ್ಪನೆಯ ಹಸಿಮೆಣಸಿನಕಾಯಿ 70 ರೂಪಾಯಿಗೆ ಸಿಕ್ಕಿತು. ತೊಟ್ಟು ಕೀಳಬಾರದು. ತೊಳೆದು, ಒರೆಸಿ, ಹೊಟ್ಟೆಯ ಹತ್ತಿರ ಸಣ್ಣದಾಗಿ ಸೀಳಬೇಕು. ಚೆನ್ನಾಗಿ ಹುಳಿ ಬಂದ ಮಜ್ಜಿಗೆಗೆ ಕಲ್ಲುಪ್ಪು, ಹುರಿದ ಮೆಂತ್ಯದ ಪುಡಿ, ಚಿಟಿಕೆ ಇಂಗು ಹಾಕಿ ಅದರಲ್ಲಿ ಎರಡು ದಿನ ನೆನೆಸಿಟ್ಟೆ. ಆಮೇಲೆ ಹಗಲು ತಾರಸಿಯ ಬಿಸಿಲು, ರಾತ್ರಿ ಮತ್ತೆ ಅದೇ ಮಜ್ಜಿಗೆ. ನಾಲ್ಕು ದಿನಕ್ಕೆ ಮಜ್ಜಿಗೆ ಪೂರ್ತಿ ಹೀರಿಕೊಂಡಿತು. ಹಸಿರು ಹೋಗಿ ಕೆನೆಬಣ್ಣ ಬಂತು.

ಮುಂದೆ ಬರೀ ಬಿಸಿಲು. ಇಲ್ಲಿ ಅವಸರ ಮಾಡಲೇಬಾರದು. ಕಳೆದ ವರ್ಷ ಸ್ವಲ್ಪ ಹಸಿ ಇರುವಾಗಲೇ ಡಬ್ಬಿಗೆ ತುಂಬಿದ್ದೆ. ಜುಲೈನಲ್ಲಿ ತೆಗೆದು ನೋಡಿದರೆ ಅರ್ಧಕ್ಕರ್ಧ ಬೂಷ್ಟು. ಎಸೆಯುವಾಗ ಹೊಟ್ಟೆ ಉರಿಯಿತು. ಈಗ ಒಂದೊಂದನ್ನೂ ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತೇನೆ. ಒಳಗೆ ಬೀಜ ಗಲಗಲ ಅನ್ನಬೇಕು. ತೊಟ್ಟು ಪಟ್ಟನೆ ಮುರಿಯಬೇಕು.

ಕರಿಯುವುದಕ್ಕೆ ಜಾಸ್ತಿ ಎಣ್ಣೆ ಬೇಡ. ಸಣ್ಣ ಬಾಣಲೆಯಲ್ಲಿ ಎರಡು ಚಮಚ ಸಾಕು. ಉಳಿದ ಎಣ್ಣೆಯಲ್ಲೇ ಸಾರಿಗೆ ಒಗ್ಗರಣೆ ಹಾಕುತ್ತೇನೆ. ಆ ಘಮವೇ ಬೇರೆ!